ಅಪ್ಪನ ಹೆಸರಿನ ಜಾಗದಲ್ಲಿ ಎರಡು ಗೀಟು

2004ನೇ ಇಸವಿಯ ಫೆಬ್ರುವರಿ ತಿಂಗಳು. ಆಗ ನನಗೆ ಇಪ್ಪತ್ತಾರು ವರ್ಷ. ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಸಣ್ಣ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ಸಣ್ಣದು ಎಂದರೆ ನಿಜಕ್ಕೂ ಸಣ್ಣದು. ಕೆಳಗೆ ಔಷಧಿ ಅಂಗಡಿ, ಮೇಲೆ ನಾವು. ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದ ಕೂಡಲೇ ಕುಂಯ್ ಎಂದು ಅಳಲು ಶುರುಮಾಡುವ ಒಂದು ಯುಪಿಎಸ್. ಪ್ರೋಗ್ರಾಂ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಅದರ ಜಂಬವೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ನಮಗೊಂದು ದೊಡ್ಡ ಕೆಲಸ ಸಿಕ್ಕಿತ್ತು. ಶಿವಮೊಗ್ಗ, ಭದ್ರಾವತಿ, ಹೊಳೆಹೊನ್ನೂರು ಮೂರೂ ಕಡೆ ಶಾಲೆ ನಡೆಸುತ್ತಿದ್ದ ಒಂದು ವಿದ್ಯಾಸಂಸ್ಥೆಯವರು ತಮ್ಮ ಹಳೆಯ ದಾಖಲಾತಿ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಬೇಕೆಂದು ತೀರ್ಮಾನಿಸಿದ್ದರು. ಮೂರು ಶಾಲೆಗಳಲ್ಲಿ ಎಲ್ಲಿಂದಲಾದರೂ ಇಂಟರ್‌ನೆಟ್ಟಿನಲ್ಲಿ ನಮ್ಮ ಫಾರ್ಮ್ ತೆರೆದು ಹಳೆಯ ವಿದ್ಯಾರ್ಥಿಯ ಹೆಸರು ಹೊಡೆದರೆ ಸಾಕು, ತಂದೆಯ ಹೆಸರು, ತರಗತಿ, ಹುಟ್ಟಿದ ದಿನ ಎಲ್ಲ ಅದರದರ ಚೌಕದಲ್ಲಿ ಬಂದು ಕೂರಬೇಕು. ಒಂದು ಗುಂಡಿ ಒತ್ತಿದರೆ ವ್ಯಾಸಂಗ ಪ್ರಮಾಣಪತ್ರ ಅಚ್ಚಾಗಿ ಹೊರಬರಬೇಕು. "ಎರಡೇ ನಿಮಿಷ ಸಾರ್" ಎಂದು ನಾನೇ ಮೂರೂ ಶಾಲೆಯ ಹೆಡ್‌ಮಾಸ್ಟರುಗಳ ಮುಂದೆ ಮಾಡಿ ತೋರಿಸಿದ್ದೆ.

ರಿಜಿಸ್ಟರು ನೋಡಿ ಟೈಪ್ ಮಾಡಿದವರು ಸರೋಜಮ್ಮ. ಐವತ್ತು ದಾಟಿದ್ದ ಅವರು ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಯುವವರ ಬೆರಳು ತಿದ್ದಿದವರು. ಕಣ್ಣು ಪುಸ್ತಕದ ಮೇಲಿದ್ದರೆ ಬೆರಳು ತಾನಾಗಿ ಓಡುತ್ತಿತ್ತು. "ಎದುರಿಗೆ ಏನಿದೆಯೋ ಅದನ್ನ ಹೊಡೀಬೇಕು ಕಣೆ, ಮಧ್ಯದಲ್ಲಿ ತಲೆ ಓಡಿಸ್ಬಾರ್ದು" ಎನ್ನುವುದು ಅವರು ಕಲಿತ ಮತ್ತು ಕಲಿಸಿದ ಪಾಠ. ಆಗ ಕನ್ನಡವನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ಮೂಡಿಸುವುದೇ ದೊಡ್ಡ ತಲೆನೋವಾಗಿತ್ತು. ಒಂದು ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಂಡದ್ದು ಇನ್ನೊಂದರಲ್ಲಿ ಕಾಗೆ ಕಾಲು ಗುಬ್ಬಿ ಕಾಲು. ಹಾಗಾಗಿ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಸಿದ್ದೆವು. ಕೆಲಸ ಮುಗಿಸಿ ರಿಜಿಸ್ಟರುಗಳನ್ನು ಆಯಾ ಶಾಲೆಗೆ ವಾಪಸು ಕಳಿಸಿ ಎರಡು ತಿಂಗಳಾಗಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಭದ್ರಾವತಿ ಶಾಲೆಯ ಗುಮಾಸ್ತರಿಂದ ಫೋನ್ ಬಂತು.

"ಮೇಡಂ, ಇಲ್ಲೊಂದು ಹುಡುಗಿದು ತಂದೆ ಹೆಸ್ರೇ ಬರ್ತಿಲ್ಲ. ಚೌಕ ಖಾಲಿ ಇದೆ."

"ಟೈಪ್ ಮಾಡುವಾಗ ಬಿಟ್ಟುಹೋಗಿರುತ್ತೆ ಬಿಡಿ. ನೀವೇ ತುಂಬಿ ಪ್ರಿಂಟ್ ತಗೊಳ್ಳಿ" ಎಂದೆ.

"ಅದಾಗಲ್ಲ ಮೇಡಂ. ಕಂಪ್ಯೂಟರ್ನಲ್ಲಿ ಇರೋದ್ನ ಮುಟ್ಬೇಡ ಅಂತ ಹೆಡ್‌ಮಾಸ್ಟ್ರು ಹೇಳಿದ್ದಾರೆ. ಆ ಹುಡುಗಿ ಇಲ್ಲೇ ಅಳ್ತಾ ನಿಂತಿದೆ, ನೀವೇ ಮಾತಾಡಿ."

ಹುಡುಗಿಯ ಹೆಸರು ಶೈಲಾ. ಇಪ್ಪತ್ತು ವರ್ಷದವಳು. ಅವಳ ತಂದೆ ಒಂದು ಸರ್ಕಾರಿ ಇಲಾಖೆಯಲ್ಲಿ ಡ್ರೈವರ್ ಆಗಿದ್ದವರು, ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರು. ಅಕ್ಕನಿಗೆ ಮದುವೆಯಾಗಿತ್ತು, ಮನೆಯಲ್ಲಿ ತಾಯಿ ಮತ್ತು ಇವಳು ಇಬ್ಬರೇ. ಅನುಕಂಪದ ಆಧಾರದ ನೌಕರಿಗೆ ಇವಳು ಅರ್ಜಿ ಹಾಕಬೇಕಿತ್ತು. ತಂದೆ ತೀರಿಕೊಂಡ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಆ ವರ್ಷ ಮಾರನೆಯ ದಿನಕ್ಕೆ ಮುಗಿಯುತ್ತಿತ್ತು. ಬೇರೆ ಕಾಗದಗಳೆಲ್ಲ ಕೂಡಿಬಂದಿದ್ದವು. ಉಳಿದದ್ದು ಈ ಪ್ರಮಾಣಪತ್ರ ಒಂದೇ.

"ತಂದೆ ಹೆಸ್ರು ಇಲ್ದೆ ಇರೋದನ್ನ ಕೊಟ್ರೆ, ಅವ್ರ ಮಗಳೇ ಅಂತ ಹೇಗೆ ನಂಬೋದು ಅಂತಾರೆ ಅಕ್ಕಾ" ಎಂದಳು. ಮೇಡಂ ಎನ್ನಲಿಲ್ಲ, ಅಕ್ಕಾ ಎಂದಳು.

"ನಾಳೆ ಬೆಳಿಗ್ಗೆ ನೀನು ಸೀದಾ ಇಲ್ಲಿಗೇ ಬಾ. ಅರ್ಜಿ ಕೊಡೋ ಆಫೀಸೂ ಶಿವಮೊಗ್ಗದಲ್ಲೇ ಇದೆ ತಾನೆ? ನಾನು ಪ್ರಿಂಟ್ ಕೊಟ್ಟು ಸಂಸ್ಥೆಯ ಮುಖ್ಯ ಕಚೇರೀಲಿ ಸಹಿ ಹಾಕಿಸಿಕೊಡ್ತೀನಿ" ಎಂದು ಮಾತು ಕೊಟ್ಟುಬಿಟ್ಟೆ. ಯಾಕೆ ಖಾಲಿ ಬರುತ್ತಿದೆ ಎಂದು ಆಗ ನನಗೆ ಒಂದು ಚೂರೂ ಗೊತ್ತಿರಲಿಲ್ಲ.

ಫೋನ್ ಇಟ್ಟು ಡೇಟಾಬೇಸ್ ತೆರೆದೆ, ಎಂದರೆ ಟೈಪ್ ಮಾಡಿದ್ದೆಲ್ಲ ಶೇಖರವಾಗಿದ್ದ ಮೂಲ ಪಟ್ಟಿಯನ್ನು. ಶೈಲಾಳ ಸಾಲು ಸಿಕ್ಕಿತು. ತಂದೆಯ ಹೆಸರಿನ ಜಾಗ ಖಾಲಿ ಇರಲಿಲ್ಲ! ಅಲ್ಲೊಂದು ಸಣ್ಣ ಕಪ್ಪು ಗುರುತಿತ್ತು. ಮಾನಿಟರಿನ ಮೇಲೆ ಕೂತ ಧೂಳು ಎಂದುಕೊಂಡು ದುಪಟ್ಟಾದ ತುದಿಯಿಂದ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಆಗಲೂ ಹೋಗಲಿಲ್ಲ. ಹಾಗಾದರೆ ಅದು ಒಳಗೇ ಇದೆ. ಒಳಗೆ ಇರುವುದು ಫಾರ್ಮಿನಲ್ಲಿ ಯಾಕೆ ಕಾಣುತ್ತಿಲ್ಲ?

ಆಮೇಲಿನ ಎರಡು ಗಂಟೆ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಅದೇ ಚೌಕಕ್ಕೆ ನನ್ನ ಅಪ್ಪನ ಹೆಸರು ಹೊಡೆದು ನೋಡಿದೆ, ಚೆನ್ನಾಗಿ ಬಂತು. ಅಳಿಸಿ ಮತ್ತೆ ಆ ಗುರುತು ಹಾಕಿದೆ, ಚೌಕ ಖಾಲಿ. ಬೇರೆ ಕಂಪ್ಯೂಟರಿನಲ್ಲಿ ತೆರೆದೆ, ಅಲ್ಲೂ ಖಾಲಿ. ನಡುವೆ ಕರೆಂಟು ಹೋಗಿ ಯುಪಿಎಸ್ ಅಳಲು ಶುರುಮಾಡಿತು. ಅದರ ಜೊತೆ ನಾನೂ ಅಳುವುದೊಂದು ಬಾಕಿ.

ಕೊನೆಗೆ ಆರೂವರೆ ಹೊತ್ತಿಗೆ ಹೊಳೆಯಿತು. ಚೌಕದಲ್ಲಿ ಏನು ತೋರಿಸಬೇಕು ಎನ್ನುವುದನ್ನು ಪ್ರೋಗ್ರಾಮಿನಲ್ಲಿ ಎರಡು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಮೊದಲ ಚಿಹ್ನೆ ಕಂಡಾಗ ಬ್ರೌಸರ್ "ಇಲ್ಲಿಂದ ಶುರು" ಎಂದುಕೊಳ್ಳುತ್ತದೆ, ಮುಂದಿನ ಚಿಹ್ನೆ ಕಂಡಾಗ "ಇಲ್ಲಿಗೆ ಮುಗಿಯಿತು" ಎಂದುಕೊಳ್ಳುತ್ತದೆ. ಶೈಲಾಳ ತಂದೆಯ ಹೆಸರಿನ ಜಾಗದಲ್ಲಿ ಇದ್ದದ್ದೇ ಒಂದು ಉದ್ಧರಣ ಚಿಹ್ನೆ. ಹಾಗಾಗಿ ಶುರುವಾದ ಕೂಡಲೇ ಮುಗಿಯಿತು ಎಂದು ತಿಳಿದು ಅದು ಚೌಕವನ್ನು ಖಾಲಿ ಬಿಡುತ್ತಿತ್ತು. ಒಳಗಿರುವ ಚಿಹ್ನೆಯನ್ನೂ ಒಂದು ಮಾಮೂಲು ಅಕ್ಷರದಂತೆ ನೋಡು ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಫಾರ್ಮ್ ತೆರೆದೆ. ಬಂತು!

ಬಂದದ್ದೇನು? ತಂದೆಯ ಹೆಸರು ಎಂದಿರುವ ಕಡೆ ಎರಡು ಪುಟ್ಟ ಗೀಟು. ಅಷ್ಟೇ.

ನನ್ನ ಖುಷಿ ಅಲ್ಲಿಗೇ ಇಳಿಯಿತು. ಹೆಸರು ಹೊಡೆಯುವ ಕಡೆ ಸರೋಜಮ್ಮ ಇದನ್ನು ಯಾಕೆ ಹೊಡೆದರು? ಅವರು ಐದೂವರೆಗೇ ಮನೆಗೆ ಹೋಗಿದ್ದರು, ಮನೆಯಲ್ಲಿ ಫೋನ್ ಇರಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಸರೋಜಮ್ಮ ಮೆಟ್ಟಿಲು ಹತ್ತಿ ಬಂದ ಕೂಡಲೇ ಕೈಹಿಡಿದು ಕರೆದುಕೊಂಡು ಹೋಗಿ ಪರದೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ ನಕ್ಕುಬಿಟ್ಟರು.

"ಅಯ್ಯೋ ಮಾರಾಯ್ತಿ, ಇದು ಡಿಟೋ ಅಲ್ವೇನೆ! ಮೇಲಿನ ಸಾಲಲ್ಲಿ ಇರೋದೇ ಇಲ್ಲೂ ಅಂತ. ರಿಜಿಸ್ಟರಲ್ಲಿ ಹಂಗೇ ಇತ್ತು, ಹಂಗೇ ಹೊಡ್ದೆ. ನೀನು ಯಾವತ್ತೂ ರಿಜಿಸ್ಟರು ಬರ್ದೋಳಲ್ಲ ಬಿಡು."

ಒಂದೇ ಮನೆಯ ಇಬ್ಬರು ಮಕ್ಕಳು ಒಟ್ಟಿಗೆ ಸೇರಿದರೆ ಎರಡನೆಯ ಮಗುವಿಗೆ ಎಲ್ಲವನ್ನೂ ಮತ್ತೆ ಬರೆಯುವ ಬದಲು ಹಳೆಯ ಗುಮಾಸ್ತರು ಎರಡು ಗೀಟು ಎಳೆದು ಮುಗಿಸುತ್ತಿದ್ದರಂತೆ. ಎಣಿಸಿ ನೋಡಿದರೆ ಭದ್ರಾವತಿ ಶಾಲೆಯ ಪಟ್ಟಿಯಲ್ಲಿ ಮಾತ್ರ ನಲವತ್ತಮೂರು ಮಕ್ಕಳಿಗೆ ತಂದೆಯ ಹೆಸರಿನ ಜಾಗದಲ್ಲಿ ಈ ಗೀಟುಗಳಿದ್ದವು.

ಆತುರಗಾರರಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅದಕ್ಕೆ ನನಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಡಿಟೋ ಎಂದರೆ ಮೇಲಿನ ಸಾಲು. ಅದಕ್ಕೇನಂತೆ, ಎಲ್ಲೆಲ್ಲಿ ಗೀಟು ಇದೆಯೋ ಅಲ್ಲೆಲ್ಲ ಮೇಲಿನ ಸಾಲಿನ ಹೆಸರು ತುಂಬು ಎಂದು ಐದು ನಿಮಿಷದಲ್ಲಿ ಒಂದು ಪ್ರೋಗ್ರಾಂ ಬರೆದು ಓಡಿಸಿದೆ. ನಲವತ್ತಮೂರೂ ಚೌಕ ತುಂಬಿದವು. ಹಳೆಯ ಪಟ್ಟಿಯದೊಂದು ನಕಲು ಇಟ್ಟುಕೊಳ್ಳಬೇಕು ಎನ್ನುವುದು ಕಂಪ್ಯೂಟರ್ ಕೋರ್ಸಿನಲ್ಲಿ ಮೊದಲ ವಾರ ಹೇಳಿಕೊಡುವ ಪಾಠ. ಅದೂ ನೆನಪಾಗಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಶೈಲಾ ಬಂದಳು. ಜೊತೆಗೆ ಅವಳ ತಾಯಿ ಗೌರಮ್ಮ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಕಾಗದಗಳ ಕಟ್ಟು. ಕುರ್ಚಿ ತೋರಿಸಿದರೂ ಆಕೆ ಕೂರಲಿಲ್ಲ, ಗೋಡೆಗೆ ಒರಗಿ ನಿಂತರು. "ಪ್ರಿಂಟ್ ರೆಡಿ ಇದೆ" ಎಂದು ನಾನು ಗುಂಡಿ ಒತ್ತಿದೆ. ಪ್ರಿಂಟರು ಕರಕರ ಎಂದು ಹಾಳೆಯನ್ನು ಹೊರಗೆ ತಳ್ಳಿತು. ನೋಡದೆಯೇ ತೆಗೆದು ಶೈಲಾಳ ಕೈಗೆ ಕೊಟ್ಟೆ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಮುಖದಲ್ಲಿ ಬಣ್ಣ ಹೋಯಿತು.

ಗೌರಮ್ಮನವರಿಗೆ ಓದು ಬರುತ್ತಿರಲಿಲ್ಲ. "ಅಪ್ಪನ ಹೆಸ್ರು ಬಂತೇನೇ?" ಎಂದು ಕೇಳಿದರು.

ಶೈಲಾ ನನ್ನ ಕಡೆ ನೋಡಿದಳು. ಆಮೇಲೆ ತಾಯಿಗೆ, "ಬಂದಿದೆ ಅಮ್ಮಾ. ಸ್ವಲ್ಪ ಸ್ಪೆಲ್ಲಿಂಗ್ ತಪ್ಪಾಗಿದೆ, ಅಕ್ಕ ಸರಿಮಾಡ್ತಾರೆ" ಎಂದು ಹಾಳೆಯನ್ನು ಮಡಿಸಿ ನನಗೆ ಕೊಟ್ಟಳು. ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ ಕೇಳಿದಳು, "ಗುರುಮೂರ್ತಿ ಅಂದ್ರೆ ಯಾರು ಅಕ್ಕಾ? ನಮ್ಮಪ್ಪನ ಹೆಸ್ರು ನಂಜುಂಡಪ್ಪ."

ಓಡಿಹೋಗಿ ಪಟ್ಟಿ ನೋಡಿದೆ. ಶೈಲಾಳ ಮೇಲಿನ ಸಾಲಿನಲ್ಲಿ ಬೇರೆ ಯಾವುದೋ ಹುಡುಗಿ, ಅವಳ ತಂದೆ ಗುರುಮೂರ್ತಿ. ಇಬ್ಬರಿಗೂ ಯಾವ ಸಂಬಂಧವೂ ಇಲ್ಲ. ಮುಖ್ಯ ಕಚೇರಿಯವರು ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಇರಲಿ ಎಂದಿದ್ದರಿಂದ ಡಿಸೆಂಬರಿನಲ್ಲಿ ನಾನೇ ಎಲ್ಲವನ್ನೂ ಹಾಗೆ ಜೋಡಿಸಿದ್ದೆ. ರಿಜಿಸ್ಟರಿನ ಹಳೆಯ ಸಂಖ್ಯೆಗಳು ಹಿಂದುಮುಂದಾಗಿ ಅಸಹ್ಯವಾಗಿ ಕಾಣುತ್ತವೆ ಎಂದು ಅವನ್ನು ತೆಗೆದುಹಾಕಿ ಚಂದದ ಹೊಸ ಸಂಖ್ಯೆ ಕೊಟ್ಟವಳೂ ನಾನೇ. ಮೇಲಿನ ಸಾಲು ಎಂದೋ ಬದಲಾಗಿಹೋಗಿತ್ತು. ಈಗ ನನ್ನ ಪ್ರೋಗ್ರಾಂ ನಲವತ್ತಮೂರು ಮಕ್ಕಳಿಗೆ ಯಾರ್ಯಾರದೋ ಅಪ್ಪಂದಿರನ್ನು ಹಂಚಿಬಿಟ್ಟಿತ್ತು. ಗೀಟುಗಳೂ ಅಳಿಸಿಹೋಗಿದ್ದರಿಂದ ಆ ನಲವತ್ತಮೂರು ಮಕ್ಕಳು ಯಾರು ಎಂದು ಹುಡುಕುವ ದಾರಿಯೂ ಮುಚ್ಚಿತ್ತು.

ಸರೋಜಮ್ಮನ ಕಿವಿಯಲ್ಲಿ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡಿದ್ಯಲ್ಲೇ!" ಎಂದರು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನಂಜುಂಡಪ್ಪ ಎಂದು ನಾನೇ ಕೈಯಿಂದ ಹೊಡೆದು ಇನ್ನೊಂದು ಪ್ರಿಂಟ್ ಕೊಟ್ಟುಬಿಡಬಹುದಿತ್ತು. ಬೆರಳು ಕೀಲಿಯ ಮೇಲೆ ಹೋಗಿಯೂ ಇತ್ತು. ಸರೋಜಮ್ಮ ತಡೆದರು. "ಬೇಡ ಕಣೆ. ನಾಳೆ ಇಲಾಖೆಯೋರು ರಿಜಿಸ್ಟರು ತರ್ಸಿ ನೋಡಿದ್ರೆ? ಅಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಇದ್ರೂ ಹುಡುಗಿ ಸುಳ್ಳು ಕಾಗದ ತಂದ್ಲು ಅಂತಾರೆ. ಮೊದ್ಲು ಪುಸ್ತಕ ನೋಡು" ಎಂದರು. ಟೈಪಿಂಗ್ ಕಲಿಸಿದವರ ಮಾತು. ಕೇಳದೆ ವಿಧಿಯಿರಲಿಲ್ಲ.

ಭದ್ರಾವತಿಯ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಗೌರಮ್ಮನವರಿಗೆ ಕೇಳಿಸದಂತೆ ದನಿ ತಗ್ಗಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ರಿಜಿಸ್ಟರು ನನ್ನ ಬೀರುವಿನಲ್ಲಿದೆ. ಅದನ್ನ ಶಾಲೆಯಿಂದ ಹೊರಗೆ ಕಳಿಸಲ್ಲ, ಒಂದ್ಸಲ ಕಳಿಸಿದ್ದೇ ತಪ್ಪಾಯ್ತು. ಇವತ್ತು ಶನಿವಾರ, ಹನ್ನೊಂದೂವರೆಗೆ ಶಾಲೆ ಬಿಡುತ್ತೆ. ನಂಗೆ ಒಂದು ಮದುವೆಗೆ ಹೋಗೋದಿದೆ. ಹನ್ನೆರಡರ ಮೇಲೆ ನಾನಿರಲ್ಲ" ಎಂದು ಫೋನ್ ಇಟ್ಟರು.

ಆಗ ಹತ್ತು ಮುಕ್ಕಾಲು. ತಾಯಿ, ಮಗಳು, ನಾನು ಮೂವರೂ ಮೆಟ್ಟಿಲು ಇಳಿದು ಓಡಿದೆವು. ಪುಣ್ಯಕ್ಕೆ ಭದ್ರಾವತಿ ಬಸ್ಸು ವಿದ್ಯಾನಗರದ ಮೇಲೆಯೇ ಹೋಗುತ್ತದೆ. ಆದರೆ ನಮ್ಮ ಪಾಲಿಗೆ ಬಂದದ್ದು ಕೈ ತೋರಿಸಿದಲ್ಲೆಲ್ಲ ನಿಲ್ಲಿಸುವ ಖಾಸಗಿ ಬಸ್ಸು. ಗೌರಮ್ಮ ನಡುವೆ, ಶೈಲಾ ಕಿಟಕಿಯ ಪಕ್ಕ, ನಾನು ಈಚೆ ಬದಿ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು "ಭದ್ರಾವತಿ ಭದ್ರಾವತಿ" ಎಂದು ಕೂಗಿ ಕೂಗಿ ಜನರನ್ನು ತುಂಬಿಸುತ್ತಿದ್ದ. ನಾನು ಗಡಿಯಾರ ನೋಡುವುದು, ರಸ್ತೆ ನೋಡುವುದು.

"ಒಂದು ಸ್ಪೆಲ್ಲಿಂಗಿಗೆ ನೀವೂ ಬರ್ಬೇಕಾಯ್ತಲ್ಲ ತಾಯೀ, ನಮ್ಮಿಂದ ನಿಮಗೆ ತೊಂದ್ರೆ" ಎಂದರು ಗೌರಮ್ಮ. ನನಗೆ ಸೀಟಿನ ಕೆಳಗೆ ತೂರಿಕೊಳ್ಳೋಣ ಎನ್ನಿಸಿತು. ಶೈಲಾ ಕಿಟಕಿಯ ಆಚೆ ನೋಡುತ್ತಲೇ ಇದ್ದಳು.

ಊರು ಇನ್ನೇನು ಹತ್ತಿರ ಬಂತು ಎನ್ನುವಾಗ ರೈಲ್ವೆ ಗೇಟು ಬಿತ್ತು. ಹನ್ನೊಂದು ಐವತ್ತು. ಡ್ರೈವರು ಇಂಜಿನ್ ಆರಿಸಿ ಕೆಳಗಿಳಿದು ಬೀಡಿ ಹಚ್ಚಿದ. ಒಂದು ಗೂಡ್ಸ್ ರೈಲು, ಎಷ್ಟು ಡಬ್ಬಿಗಳೋ ಶಿವನೇ ಬಲ್ಲ, ಆನೆ ನಡೆದಂತೆ ನಿಧಾನಕ್ಕೆ ಹೋಯಿತು. ಶೈಲಾ ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದಳು. ಹೆಡ್‌ಮಾಸ್ಟರು ಹೊರಟುಹೋಗಿದ್ದರೆ ಇವಳ ಬದುಕನ್ನೇ ನಾನು ಹಾಳುಮಾಡಿದಂತೆ, ಜೀವಮಾನವಿಡೀ ಈ ಹುಡುಗಿಯ ಶಾಪ ನನ್ನ ಮೇಲೆ ಎಂದು ಒಂದೇ ಸಮನೆ ಮನಸ್ಸು ಹೊಡೆದುಕೊಳ್ಳುತ್ತಿತ್ತು. ನಂಬಿಕೆ ಇಲ್ಲದ ದೇವರಿಗೆಲ್ಲ ಹರಕೆ ಹೊತ್ತೆ.

ಬಸ್ಸಿಳಿದು ಆಟೋ ಹಿಡಿದು ಶಾಲೆ ತಲುಪಿದಾಗ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ಮೈದಾನದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತರಗತಿಗಳಿಗೆಲ್ಲ ಬೀಗ.

"ಈ ಕಡೆ ಬನ್ರಮ್ಮ" ಎಂದು ಯಾರೋ ಕರೆದರು.

ಆಫೀಸಿನ ಮುಂದಿನ ಜಗಲಿಯಲ್ಲಿ ಹೆಡ್‌ಮಾಸ್ಟರು ಕೂತಿದ್ದರು. ಗರಿಗರಿ ಪಂಚೆ, ರೇಷ್ಮೆ ಶಲ್ಯ, ಹೆಗಲಿಗೆ ಉಡುಗೊರೆಯ ಪೊಟ್ಟಣವಿದ್ದ ಚೀಲ. ತೊಡೆಯ ಮೇಲೆ ಬೈಂಡ್ ಹರಿದ ಒಂದು ದೊಡ್ಡ ರಿಜಿಸ್ಟರು.

"ನಿಮ್ಮ ಕಂಪ್ಯೂಟರು ಎಷ್ಟು ನಿಮಿಷಕ್ಕೆ ಸರ್ಟಿಫಿಕೇಟು ಕೊಡುತ್ತೆ ಅಂದಿದ್ರಿ?" ಎಂದು ನನ್ನನ್ನು ಕೇಳಿದರು.

"ಎರಡು ನಿಮಿಷ ಸಾರ್" ಎಂದೆ ತಲೆ ತಗ್ಗಿಸಿ.

ಅವರು ನಗಲಿಲ್ಲ, ಬೈಯಲೂ ಇಲ್ಲ. ಶೈಲಾಳ ಕಡೆ ತಿರುಗಿ ಯಾವ ವರ್ಷ ಶಾಲೆಗೆ ಸೇರಿದ್ದು ಎಂದು ಕೇಳಿ ಪುಟ ತಿರುವಿದರು. ಹಾಳೆಗಳು ಕಂದುಬಣ್ಣಕ್ಕೆ ತಿರುಗಿದ್ದವು. ನೀಲಿ ಶಾಯಿಯ ಗುಂಡು ಗುಂಡು ಅಕ್ಷರ. ಒಂದು ಪುಟದ ನಡುವೆ ಅವರ ಬೆರಳು ನಿಂತಿತು.

ಮೇಲಿನ ಸಾಲಿನಲ್ಲಿ ಶೈಲಾಳ ಅಕ್ಕ ಲತಾ, ಮೂರನೇ ತರಗತಿ. ತಂದೆಯ ಹೆಸರು ಕೆ. ನಂಜುಂಡಪ್ಪ. ಕೆಳಗಿನ ಸಾಲಿನಲ್ಲಿ ಶೈಲಾ, ಒಂದನೇ ತರಗತಿ. ಅಪ್ಪನಿಗೆ ಭದ್ರಾವತಿಗೆ ವರ್ಗವಾಗಿ ಬಂದಾಗ ಇಬ್ಬರನ್ನೂ ಒಂದೇ ದಿನ ಸೇರಿಸಿದ್ದರಂತೆ. ಶೈಲಾಳ ಸಾಲಿನಲ್ಲಿ ತಂದೆಯ ಹೆಸರಿಗೆ ಎರಡು ಗೀಟು, ಉದ್ಯೋಗಕ್ಕೆ ಎರಡು ಗೀಟು, ವಿಳಾಸಕ್ಕೂ ಎರಡು ಗೀಟು. ಹೆಸರು, ತರಗತಿ, ಹುಟ್ಟಿದ ದಿನ ಬಿಟ್ಟರೆ ಅವಳದು ಎನ್ನುವುದು ಅಲ್ಲಿ ಏನೂ ಇರಲಿಲ್ಲ. ಕಾಗದದ ಮೇಲೆ ನೋಡಿದರೆ ಎಷ್ಟು ಸಲೀಸು! ಮೇಲೆ ಅಕ್ಕ, ಕೆಳಗೆ ತಂಗಿ. ಯಾವ ದಡ್ಡನಿಗೂ ಅರ್ಥವಾಗುತ್ತದೆ.

ಬಲಗಡೆಯ ಕೊನೆಯ ಕಾಲಂ ಪೋಷಕರ ಸಹಿಯದು. ಸಹಿಯನ್ನು ಟೈಪ್ ಮಾಡಲಾಗುವುದಿಲ್ಲವಾದ್ದರಿಂದ ಅದನ್ನು ನಾವು ಕಂಪ್ಯೂಟರಿಗೆ ತೆಗೆದುಕೊಂಡೇ ಇರಲಿಲ್ಲ. ಅಲ್ಲಿ ಗೀಟು ಇರಲಿಲ್ಲ. ಎರಡೂ ಸಾಲಿನಲ್ಲಿ ಕನ್ನಡದಲ್ಲಿ ನಂಜುಂಡಪ್ಪ ಎಂಬ ಸಹಿ ಇತ್ತು. ಮೇಲಿನದು ಚೌಕದೊಳಗೆ ಸರಿಯಾಗಿ ಕೂತಿತ್ತು, ಕೆಳಗಿನದು ಸ್ವಲ್ಪ ಉದ್ದವಾಗಿ ಗೆರೆ ದಾಟಿ ಅಂಚಿನವರೆಗೂ ಹೋಗಿತ್ತು.

"ಬರೆಯೋದನ್ನೆಲ್ಲ ಗುಮಾಸ್ತರು ಬರೀತಾರೆ, ಡಿಟೋ ಹಾಕ್ತಾರೆ. ಸಹಿ ಹಂಗಲ್ಲ. ಒಂದೊಂದು ಮಗೂಗೂ ಅಪ್ಪನೇ ಹಾಕ್ಬೇಕು" ಎಂದರು ಹೆಡ್‌ಮಾಸ್ಟರು.

ಗೌರಮ್ಮ ಅಲ್ಲಿಯವರೆಗೆ ಹಿಂದೆ ನಿಂತಿದ್ದವರು ಮುಂದೆ ಬಂದು ಬಗ್ಗಿದರು. ಪುಟದ ಮೇಲೆ ಅಷ್ಟೊಂದು ಬರಹವಿದ್ದರೂ ಆಕೆಯ ಬೆರಳು ಸೀದಾ ಹೋಗಿ ಆ ಸಹಿಯ ಮೇಲೆ ನಿಂತಿತು.

"ಇದು ಅವ್ರದ್ದು" ಎಂದರು. "ರೇಷನ್ ಕಾರ್ಡಲ್ಲೂ ಹಿಂಗೇ ಇದೆ. ಕೊನೇಲಿ ಹಿಂಗೇ ಎಳೀತಿದ್ರು."

ಶೈಲಾ ತಾಯಿಯ ಪಕ್ಕ ಮಂಡಿಯೂರಿ ಕೂತಳು. "ಎರಡು ಸಲ ಹಾಕಿದ್ದಾರಮ್ಮ. ಅಕ್ಕಂಗೊಂದು, ನಂಗೊಂದು" ಎಂದಳು. ಹಾಗೆನ್ನುತ್ತಿದ್ದಂತೆ ಅವಳಿಗೆ ಅಳು ಬಂತು. ನಿನ್ನೆಯಿಂದ ತಡೆದಿದ್ದೆಲ್ಲ ಒಟ್ಟಿಗೆ ಬಂದಿರಬೇಕು. ನಾನೂ ಕಂಬದ ಮರೆಗೆ ಹೋಗಿ ಕಣ್ಣೊರೆಸಿಕೊಂಡೆ.

ಹೆಡ್‌ಮಾಸ್ಟರು ಬೀಗ ತೆಗೆದು ಒಳಗೆ ಹೋಗಿ ಅಚ್ಚು ಹಾಕಿಸಿದ ಹಳೆಯ ನಮೂನೆಯ ಪುಸ್ತಕ ತಂದರು. ಮೇಜಿಗೆ ಕೂತು ಪ್ರಮಾಣಪತ್ರವನ್ನು ಕೈಯಲ್ಲೇ ಬರೆದು, ಸಹಿ ಮಾಡಿ, ಮೊಹರು ಒತ್ತಿದರು. "ರಿಜಿಸ್ಟರಿನ ಈ ಪುಟದ್ದೂ ಒಂದು ಜೆರಾಕ್ಸ್ ಜೊತೆಗಿರ್ಲಿ, ನಾನೇ ದೃಢೀಕರಿಸಿ ಕೊಡ್ತೀನಿ. ಯಾರೂ ಪ್ರಶ್ನೆ ಕೇಳಬಾರ್ದು" ಎಂದರು. ಪುಸ್ತಕವನ್ನು ಶಾಲೆಯಿಂದ ಹೊರಗೆ ಕಳಿಸಲ್ಲ ಎಂದಿದ್ದ ಮನುಷ್ಯ ಅದನ್ನು ಶಲ್ಯದಲ್ಲಿ ಸುತ್ತಿ ಎದೆಗವಚಿಕೊಂಡು, ಆ ಬಿಸಿಲಿನಲ್ಲಿ ತಾನೇ ಎದುರಿನ ಜೆರಾಕ್ಸ್ ಅಂಗಡಿಗೆ ಹೊರಟರು. ಶೈಲಾಳೂ ಹಿಂದೆಯೇ ಹೋದಳು. ರಸ್ತೆ ದಾಟುವಾಗ ಅವರು ಅಂಗಡಿಯವನಿಗೆ "ಎರಡು ಕಾಪಿ ಮಾಡಪ್ಪ, ಒಂದು ಈ ಮಗೂಗೆ ಇಟ್ಕೊಳ್ಳೋಕೆ" ಎಂದು ಕೂಗಿ ಹೇಳಿದ್ದು ನಮಗೂ ಕೇಳಿಸಿತು.

ಜಗಲಿಯಲ್ಲಿ ಗೌರಮ್ಮ ಮತ್ತು ನಾನು ಇಬ್ಬರೇ ಉಳಿದೆವು. ಆಕೆಯೇ ಕೇಳಿದರು.

"ಬೆಳಿಗ್ಗೆ ಬಂದ ಕಾಗದದಾಗೆ ಬೇರೆ ಯಾರ್ದೋ ಹೆಸ್ರಿತ್ತು ಅಲ್ವೇನವ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

"ನಂಗೆ ಓದಕ್ಕೆ ಬರಲ್ಲ. ಆದ್ರೆ ಅವಳ ಮುಖ ಓದಕ್ಕೆ ಬರುತ್ತೆ. ಸ್ಪೆಲ್ಲಿಂಗಿಗೆ ಯಾರಾದ್ರೂ ಹಿಂಗೆ ಓಡಿ ಬರ್ತಾರಾ? ಇರ್ಲಿ ಬಿಡಿ. ನಂಗೆ ಗೊತ್ತಾಯ್ತು ಅಂತ ಅವಳಿಗೆ ಹೇಳ್ಬೇಡಿ. ಅಮ್ಮಂಗೆ ನೋವಾಗ್ಬಾರ್ದು ಅಂತ ಅಲ್ವಾ ಪಾಪ ಸುಳ್ಳು ಹೇಳಿದ್ದು."

"ಹೇಳಲ್ಲಮ್ಮ. ನನ್ನಿಂದ ತಪ್ಪಾಯ್ತು" ಎಂದೆ. ಆಕೆ ನನ್ನ ಕೈಯನ್ನು ಒಮ್ಮೆ ತಟ್ಟಿ, ರಸ್ತೆಯ ಕಡೆ ನೋಡುತ್ತಾ ಕೂತರು.

ಅಲ್ಲಿಂದ ಮತ್ತೆ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು ಇಲಾಖೆಯ ಕಚೇರಿ ತಲುಪಿದಾಗ ಮೂರೂವರೆ. ಒಳಗಿದ್ದ ಗುಮಾಸ್ತರು ಕಾಗದಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿದರು. ಪ್ರಮಾಣಪತ್ರದ ಹತ್ತಿರ ಬಂದಾಗ ಎರಡು ಕ್ಷಣ ಹೆಚ್ಚು ನೋಡಿದರು. ಜೆರಾಕ್ಸ್ ಪುಟವನ್ನೂ ನೋಡಿದರು. ಆಮೇಲೆ ಸ್ವೀಕೃತಿಯ ಚೀಟಿಗೆ ಠಪ್ ಎಂದು ಸೀಲು ಬಿತ್ತು. ನಾವು ಮೂವರೂ ಬೆಳಗಿನಿಂದ ಒಂದು ಲೋಟ ನೀರು ಸಹ ಕುಡಿದಿಲ್ಲ ಎನ್ನುವುದು ಆಗ ನೆನಪಾಯಿತು.

ಸೋಮವಾರ ನಮ್ಮ ಸೆಂಟರಿನ ಮಾಲೀಕರಿಗೆ ನಡೆದದ್ದನ್ನು ಹೇಳಿದೆ. ಬೈಸಿಕೊಂಡೆ. ಆಮೇಲೆ ಎರಡು ವಾರ ನಾನೂ ಸರೋಜಮ್ಮನೂ ದಿನಾ ಭದ್ರಾವತಿಗೆ ಹೋಗಿ ಹೆಡ್‌ಮಾಸ್ಟರ ಕಣ್ಣೆದುರಿಗೇ ಕೂತು, ಅವರು ಪುಟ ತಿರುವುತ್ತಿದ್ದಂತೆ ಒಂದೊಂದು ಸಾಲನ್ನೂ ತಾಳೆ ನೋಡಿ ನಲವತ್ತಮೂರು ಮಕ್ಕಳಿಗೂ ಅವರವರ ಅಪ್ಪಂದಿರನ್ನು ವಾಪಸು ಕೊಟ್ಟೆವು. ಆ ನಡುವೆ ಯಾರೂ ಪ್ರಮಾಣಪತ್ರ ಕೇಳಿ ಬರಲಿಲ್ಲ ಎನ್ನುವುದು ನನ್ನ ಪುಣ್ಯ. ಈಗಲೂ ಯಾವುದಾದರೂ ಕಂಪ್ಯೂಟರ್ ಫಾರ್ಮಿನಲ್ಲಿ ಒಂದು ಚೌಕ ಖಾಲಿ ಕಂಡರೆ ನನಗೆ ಅದನ್ನು ಸುಮ್ಮನೆ ದಾಟಿ ಹೋಗಲು ಆಗುವುದಿಲ್ಲ. ಹಾಗೆಯೇ, ತುಂಬಿದ ಚೌಕವನ್ನು ಕಂಡರೂ ಮೊದಲಿನಷ್ಟು ನಂಬಿಕೆ ಬರುವುದಿಲ್ಲ.

ಒಂದೂವರೆ ವರ್ಷದ ಮೇಲೆ ಶೈಲಾ ಫೋನ್ ಮಾಡಿದಳು. ನೇಮಕಾತಿ ಆದೇಶ ಕೈಗೆ ಬಂದಿತ್ತು. ಖುಷಿಯಲ್ಲಿ ಏನೇನೋ ಮಾತಾಡಿದಳು. ಇನ್ನೇನು ಇಡಬೇಕು ಎನ್ನುವಾಗ ದನಿ ತಗ್ಗಿಸಿ, "ಅಕ್ಕಾ, ಆವತ್ತು ಬೇರೆಯೋರ ಹೆಸ್ರು ಬಂದಿತ್ತಲ್ಲ, ಅದು ಅಮ್ಮಂಗೆ ಇವತ್ತಿಗೂ ಗೊತ್ತಿಲ್ಲ. ಯಾವಾಗಾದ್ರೂ ಸಿಕ್ಕಿದ್ರೆ ಹೇಳ್ಬೇಡಿ, ಪಾಪ, ನೊಂದ್ಕೋತಾರೆ" ಎಂದಳು.

"ಇಲ್ಲ ಕಣೆ, ಹೇಳಲ್ಲ" ಎಂದೆ.

ಇಬ್ಬರಿಗೂ ಕೊಟ್ಟ ಮಾತನ್ನು ಇಷ್ಟು ವರ್ಷ ಉಳಿಸಿಕೊಂಡಿದ್ದೇನೆ. ಈಗ ಬರೆಯುವಾಗಲೂ ಅವರ ಹೆಸರುಗಳನ್ನು ಬದಲಿಸಿಯೇ ಬರೆದಿದ್ದೇನೆ.